ಕುಟುಂಬ ಪಿಂಚಣಿ: ನಿವೃತ್ತ ಸರಕಾರಿ ನೌಕರರ ಪತ್ನಿಯರು ತಿಳಿದಿರಬೇಕಾದದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ನಮ್ಮ ಸಮಾಜದಲ್ಲಿ ಅಧ್ಯಾಪಕರಾಗಿ, ಇತರ ಸರಕಾರಿ ಇಲಾಖೆಗಳಲ್ಲಿ ದುಡಿದು ನಿವೃತ್ತರಾದವರು ಇದ್ದಾರೆ. ಅವರು ತೀರಿಕೊಂಡ ಮೇಲೆ ಪತ್ನಿಗೆ ಬರುವುದು ಕುಟುಂಬ ಪಿಂಚಣಿ. ನಾಡಕಚೇರಿಯಲ್ಲಿ ಅರ್ಜಿ ಕೊಡುವ ವಿಧವಾ ವೇತನ ಬೇರೆ. ಎರಡೂ ಒಂದೇ ಎಂದು ತಿಳಿದು ಸುಮ್ಮನೆ ಅಲೆದವರನ್ನು ಕಂಡಿದ್ದೇನೆ.

ರಾಜ್ಯ ನೌಕರರಿಗೆ 2002ರ ಕುಟುಂಬ ಪಿಂಚಣಿ ನಿಯಮಗಳು ಅನ್ವಯಿಸುತ್ತವೆ. ಸಾಮಾನ್ಯ ದರ ಕೊನೆಯ ಮೂಲವೇತನದ ಶೇ. 30. ಅದರ ಮೇಲೆ ತುಟ್ಟಿಭತ್ಯೆ. ಗಂಡ ಕಮ್ಯುಟೇಶನ್ ಮಾಡಿ ಇಡಿಗಂಟು ಪಡೆದಿದ್ದರೂ ಪತ್ನಿಯ ಮೊತ್ತದಲ್ಲಿ ಅದರ ಕಡಿತವಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿ ಎನ್‌ಪಿಎಸ್‌ಗೆ ಒಳಪಟ್ಟವರ ಲೆಕ್ಕ ಬೇರೆ.

ಅಳಿಯಸಂತಾನದ ಹಳೆಯ ಲೆಕ್ಕ ಇನ್ನೂ ಮನಸ್ಸಿನಲ್ಲಿರುವುದರಿಂದಲೋ ಏನೋ, ಇದನ್ನೂ ಕುಟುಂಬದ ಆಸ್ತಿಯೆಂದು ಪಾಲು ಕೇಳುವವರಿದ್ದಾರೆ. ಅದು ಸರಿಯಲ್ಲ. ರೈಲ್ವೆ ನೌಕರರೊಬ್ಬರ ಪತ್ನಿ ವಯಲೆಟ್ ಐಸಾಕ್ ಅವರ ಪ್ರಕರಣದಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್, ಕುಟುಂಬ ಪಿಂಚಣಿ ಮೃತರ ಆಸ್ತಿಯಲ್ಲ, ವೀಲುನಾಮೆ ಬರೆದು ಬೇರೆಯವರಿಗೆ ಕೊಡಲು ಬರುವುದಿಲ್ಲ ಎಂದಿದೆ. ನಿಯಮ ಹೇಳಿದವರಿಗೇ ಅದು ಸಲ್ಲಬೇಕು.

ಹೆಚ್ಚು ತೊಂದರೆ ಆಗುವುದು ಹೆಸರಿನಲ್ಲಿ. ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಬರುವ ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಪತ್ನಿಯ ಹೆಸರು, ಮೊತ್ತ ಇರುತ್ತದೆ. ಅಲ್ಲಿ ಬರೇ 'ಪದ್ಮಾವತಿ', ಆಧಾರ್‌ನಲ್ಲಿ 'ಪದ್ಮಾವತಿ ಜೈನ್', ಬ್ಯಾಂಕಿನಲ್ಲಿ 'ಪದ್ಮಾವತಮ್ಮ' ಎಂದಿದ್ದರೆ ತಿಂಗಳುಗಟ್ಟಲೆ ಓಡಾಟ. ಗಂಡ ಇರುವಾಗಲೇ ಪಿಪಿಒ ತೆಗೆದು ನೋಡಿ, ತಪ್ಪಿದ್ದರೆ ಅವರ ಸಹಿಯಲ್ಲೇ ಹಿಂದಿನ ಕಚೇರಿಯ ಮೂಲಕ ತಿದ್ದುಪಡಿಗೆ ಬರೆಯಿರಿ. ಆ ಪುಸ್ತಕ ಎಲ್ಲಿದೆಯೆಂದು ಮನೆಯ ಹೆಂಗಸರಿಗೂ ಗೊತ್ತಿರಲಿ.

ಮರಣದ ದಿನದವರೆಗಿನದು ಗಂಡನ ಪಿಂಚಣಿ, ಮರುದಿನದಿಂದ ಪತ್ನಿಯದು. ವಿಷಯ ತಿಳಿಸದೆ ಇದ್ದರೆ ಹಳೆಯ ಮೊತ್ತವೇ ಖಾತೆಗೆ ಬೀಳುತ್ತಾ ಹೋಗುತ್ತದೆ. ಮಕ್ಕಳು ಎಟಿಎಂನಲ್ಲಿ ತೆಗೆದು ಖರ್ಚು ಮಾಡಿದರೆ ಹೆಚ್ಚುವರಿ ಹಣ ಮತ್ತೆ ಕಟ್ಟಬೇಕಾಗುತ್ತದೆ. ಸೂತಕ ಕಳೆದ ಕೂಡಲೇ ಮರಣ ಪ್ರಮಾಣಪತ್ರ, ಪಿಪಿಒ, ಆಧಾರ್, ಪಾಸ್‌ಬುಕ್, ಫೋಟೋ ಹಿಡಿದು ಪಿಂಚಣಿ ಬರುತ್ತಿದ್ದ ಬ್ಯಾಂಕ್ ಶಾಖೆಗೆ ಹೋಗಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ.

ಮುಂದೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿಗೆ ಹೋಗಲಾಗದ ವೃದ್ಧರಿಗೆ ಆಧಾರ್ ಆಧಾರಿತ ಜೀವನ್ ಪ್ರಮಾಣ್ ವ್ಯವಸ್ಥೆ 2014ರಿಂದ ಇದೆ.