ಪಬ್‌ನಲ್ಲಿ ಉಂಟು, ಗ್ಯಾಲರಿಯಲ್ಲಿ ಇಲ್ಲ: ಉಪ್ಪಲ್‌ನ ಬಿಯರ್ ಲೆಕ್ಕ

ಹೈದರಾಬಾದ್: ಜುಬಿಲಿ ಹಿಲ್ಸ್‌ನ ಪಬ್‌ನಲ್ಲಿ ಕುಳಿತು ಕ್ರಾಫ್ಟ್ ಬಿಯರ್ ಹೀರುತ್ತಾ ಐಪಿಎಲ್ ನೋಡಬಹುದು. ಅದೇ ಪಂದ್ಯಕ್ಕೆ ಉಪ್ಪಲ್‌ನ ರಾಜೀವ್ ಗಾಂಧಿ ಕ್ರೀಡಾಂಗಣಕ್ಕೆ ಹೋದರೆ, ಪೊಲೀಸರ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಮದ್ಯವೂ ಇರುತ್ತದೆ. ತೆಲಂಗಾಣ ಮೈಕ್ರೋಬ್ರೂವರಿಗಳಿಗೆ ನಿಯಮ ರೂಪಿಸಿದ್ದು 2015ರಲ್ಲೇ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. ಅಲ್ಲಿನ ಎಸ್‌ಇಸಿ ಒಕ್ಕೂಟ 2019ರಲ್ಲಿ ಸಾಮಾನ್ಯ ಗ್ಯಾಲರಿಗಳಲ್ಲೂ ಬಿಯರ್ ಮಾರಲು ಒಪ್ಪಿ, ನಿರ್ಧಾರವನ್ನು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟಿತು. ಷರತ್ತುಗಳೂ ಇವೆ: ಒಮ್ಮೆಗೆ ಒಬ್ಬರಿಗೆ ಎರಡೇ, ಮೂರನೇ ಕ್ವಾರ್ಟರ್ ಮುಗಿದರೆ ಕೌಂಟರ್ ಬಂದ್. ಕತಾರ್‌ನದ್ದು ತದ್ವಿರುದ್ಧ, 2022ರ ವಿಶ್ವಕಪ್‌ಗೆ ಎರಡೇ ದಿನವಿರುವಾಗ ಕ್ರೀಡಾಂಗಣಗಳ ಬಳಿ ಬಿಯರ್ ಮಾರಾಟ ರದ್ದಾಯಿತು.

ಮದ್ಯ ಖರೀದಿಗೆ ಅಮೆರಿಕದಲ್ಲೂ ತೆಲಂಗಾಣದಲ್ಲೂ ಕನಿಷ್ಠ ವಯಸ್ಸು 21. ಕಾಲೇಜು ಹುಡುಗರು ತುಂಬಿದ ಸ್ಟ್ಯಾಂಡ್‌ನಲ್ಲಿ ಅದನ್ನು ಪರಿಶೀಲಿಸುವುದೇ ದೊಡ್ಡ ತಲೆನೋವು.