ಹದಿನೇಳು ವರ್ಷದ ಮೇಲೆ ಡೋನಾ ಸಮ್ಮರ್

ಡಿಸ್ಕೊ ಅಂದರೆ ಊರಿನಲ್ಲಿರುವ ನಿಮಗೆ 1982ರ ‘ಡಿಸ್ಕೊ ಡಾನ್ಸರ್’, ಮಿಥುನ್ ಚಕ್ರವರ್ತಿಯ ಕುಣಿತ, ಬಪ್ಪಿ ಲಾಹಿರಿಯ ಸಂಗೀತ ನೆನಪಾಗಬಹುದು. ಮುಂಬೈಯಲ್ಲಿದ್ದ ನಮಗೂ ಅಷ್ಟೇ. ಆದರೆ ಆ ತಾಳದ ಒಂದು ದೊಡ್ಡ ಬೇರು ಇರೋದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿ ಹಾಡಿದಾಕೆ ಕೆಲಸ ಹುಡುಕಿಕೊಂಡು ಹೋದ ಅಮೆರಿಕದ ಕಪ್ಪು ಹುಡುಗಿ.

ಡೋನಾ ಸಮ್ಮರ್ ಹುಟ್ಟಿದ್ದು ಬಾಸ್ಟನ್ನಿನಲ್ಲಿ, 1948ರ ಕೊನೆಯ ದಿನ. ಚರ್ಚಿನಲ್ಲಿ ಹಾಡಿ ಬೆಳೆದವಳು. 1968ರಲ್ಲಿ ‘ಹೇರ್’ ಎಂಬ ಸಂಗೀತ ನಾಟಕದಲ್ಲಿ ಪಾತ್ರ ಸಿಕ್ಕಿ ಮ್ಯೂನಿಕ್‌ಗೆ ಹೊರಟಳು. ನಾಟಕ ಜರ್ಮನ್ ಭಾಷೆಯದು. ಹೊಟ್ಟೆ ತುಂಬಬೇಕಾದರೆ ಭಾಷೆ ಬರಲೇಬೇಕು, ಕಲಿತಳು. (ಮುಂಬೈಗೆ ಬಂದ ನಮ್ಮವರು ಮರಾಠಿ ಕಲಿತದ್ದೂ ವ್ಯಾಕರಣದ ಪುಸ್ತಕದಿಂದಲ್ಲ ಬಿಡಿ.) ಆಸ್ಟ್ರಿಯಾದ ನಟ ಹೆಲ್ಮುಟ್ ಸೊಮ್ಮರ್‌ನನ್ನು ಮದುವೆಯಾದಳು. ಮದುವೆ ಉಳೀಲಿಲ್ಲ, ಹೆಸರು ಉಳೀತು. ಸೊಮ್ಮರ್ ಹೋಗಿ ಸಮ್ಮರ್ ಆಯಿತು.

ಅಲ್ಲೇ ಸಿಕ್ಕವರು ಇಟಲಿಯ ಜಾರ್ಜಿಯೊ ಮೊರೊಡರ್, ಇಂಗ್ಲೆಂಡಿನ ಪೀಟ್ ಬೆಲೊಟ್. ಮೂವರೂ ಹೊರಗಿನಿಂದ ಬಂದವರೇ, ನೋಡಿ. 1975ರ ‘ಲವ್ ಟು ಲವ್ ಯು ಬೇಬಿ’ ಕುಣಿಯುವವರಿಗೆ ಸಾಲದೆಂದು ಅಮೆರಿಕದ ಕಂಪನಿಯವರು ಹಿಗ್ಗಿಸಲು ಹೇಳಿ, ಅದು ಸುಮಾರು 17 ನಿಮಿಷಕ್ಕೆ ಬೆಳೆಯಿತು. ನನ್ನ ಲೆಕ್ಕದಲ್ಲಿ 1977ರ ‘ಐ ಫೀಲ್ ಲವ್’ ಅದಕ್ಕಿಂತ ದೊಡ್ಡದು. ಹಿಮ್ಮೇಳ ಹೆಚ್ಚುಕಮ್ಮಿ ಪೂರ್ತಿ ಮೂಗ್ ಸಿಂಥಸೈಜರ್‌ನದು. ಯಂತ್ರದ ಬಡಿತದ ಮೇಲೆ ಒಂದೇ ಒಂದು ಹೆಣ್ಣುದನಿ ತೇಲುತ್ತದೆ. ಇವತ್ತಿನ ಎಲೆಕ್ಟ್ರಾನಿಕ್ ಸಂಗೀತ ಆ ಹಾಡಿನ ಸಾಲ ಇನ್ನೂ ತೀರಿಸಿಲ್ಲ.

ಅದೇ ಕಾಲಕ್ಕೆ ಲಂಡನ್ನಿನಲ್ಲಿ ಡಿಸ್ಕೊ ಕಟ್ಟುತ್ತಿದ್ದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡವ, ಬಿದ್ದು ಅಪ್ಪಯ್ಯನವರೂ ಇದ್ದರು. 1974ರ ‘ಕುಂಗ್ ಫು ಫೈಟಿಂಗ್’ ನಿರ್ಮಿಸಿದವರು ಅವರೇ. 1980ರ ‘ಕುರ್ಬಾನಿ’ಯ ‘ಆಪ್ ಜೈಸಾ ಕೋಯಿ’ ಅವರದೇ ರಾಗಸಂಯೋಜನೆ. ಮುಂಬೈಗೆ ಆ ಗಾಳಿ ಲಂಡನ್ ಸುತ್ತಿಕೊಂಡು ಬಂತು, ಅದೂ ನಮ್ಮವರ ಕೈಯಿಂದ.

ಅಷ್ಟರಲ್ಲಿ ಅಮೆರಿಕದಲ್ಲಿ ಗಾಳಿ ತಿರುಗಿತ್ತು. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಡೋನಾ ಆಮೇಲೂ ಹಾಡಿದಳು, 1983ರಲ್ಲಿ ಮತ್ತೆ ಗೆದ್ದಳು. ಆದರೆ 1991ರ ಆಲ್ಬಮ್ಮನ್ನು ಕೇಳುವವರೇ ಕಡಿಮೆ. ಅಲ್ಲಿಂದ ಮುಂದೆ 1994ರ ಕ್ರಿಸ್‌ಮಸ್ ಹಾಡುಗಳನ್ನು ಬಿಟ್ಟರೆ ಹೊಸ ಆಲ್ಬಮ್ಮೇ ಇಲ್ಲ. ಸುಮ್ಮನೆ ಕೂತಿದ್ದಳು ಅಂತಲ್ಲ. ವೇದಿಕೆಯಲ್ಲಿ ಹಳೇ ಹಾಡು ಹಾಡುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು.

2008ರ ಮೇ ತಿಂಗಳಲ್ಲಿ ‘ಕ್ರೇಯಾನ್ಸ್’ ಬಂತು. ಆಕೆಗೆ 59. ಮೊರೊಡರ್ ಜೊತೆ ಹಳೇ ಮ್ಯೂನಿಕ್ ಅಡುಗೆಯನ್ನೇ ಬಿಸಿ ಮಾಡಿ ಬಡಿಸಬಹುದಿತ್ತು, ಮಾಡಲಿಲ್ಲ. ಹೊಸ ಹುಡುಗರ ಜೊತೆ ಕೂತಳು, ಹಾಡು ತಾನೂ ಬರೆದಳು. ಕೈ ಹೆಚ್ಚಾಗಿ ಆಲ್ಬಮ್ ಒಂದೇ ಹದಕ್ಕೆ ಬಂದಿಲ್ಲ ಅನ್ನೋದು ನಿಜ. ಒಂದು ಹಾಡಿಗೆ ‘ರಾಣಿ ಮರಳಿ ಬಂದಳು’ ಎಂಬರ್ಥದ ಹೆಸರಿಟ್ಟದ್ದು ಅರ್ಧ ಜಂಭ, ಅರ್ಧ ತಮಾಷೆ. ದನಿ ಮಾತ್ರ ಮುಕ್ಕಾಗಿರಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 17ನೇ ಸ್ಥಾನ, 1983ರ ನಂತರ ಅದೇ ದೊಡ್ಡದು. ಮೂರು ಹಾಡುಗಳು ಡಾನ್ಸ್ ಕ್ಲಬ್ ಪಟ್ಟಿಯ ತುದಿಗೇರಿದವು.

ಅದೇ ಕೊನೆಯ ಆಲ್ಬಮ್. 2012ರ ಮೇ 17ರಂದು ಫ್ಲಾರಿಡಾದಲ್ಲಿ ತೀರಿಕೊಂಡಳು. ಹತ್ತು ವರ್ಷದ ನಂತರ, 2022ರಲ್ಲಿ ಬಿಯಾನ್ಸೆ ತನ್ನ ‘ರಿನೇಸಾನ್ಸ್’ ಆಲ್ಬಮ್ಮಿನ ಕೊನೆಯ ಹಾಡಿಗೆ ಎತ್ತಿಕೊಂಡದ್ದು ಮ್ಯೂನಿಕ್‌ನ ಅದೇ ‘ಐ ಫೀಲ್ ಲವ್’.