ಫಿಲೋ: ಉಳಿಸಿಕೊಂಡವರ ಋಣ

ಧರ್ಮಸಭೆಯ ಪಿತೃಗಳನ್ನು ಅಧ್ಯಯನ ಮಾಡುವ ನಾವು ಅವರು ಓದಿದ ಯೆಹೂದ್ಯ ಗ್ರಂಥಗಳತ್ತ ಗಮನ ಹರಿಸುವುದು ಕಡಿಮೆ. ಅಲೆಕ್ಸಾಂಡ್ರಿಯದ ಫಿಲೋ ಅವರ ಕೃತಿಗಳು ನಮ್ಮ ಕೈ ಸೇರಿದ ಬಗೆಯನ್ನು ಅರಿತರೆ ಈ ಅಲಕ್ಷ್ಯದಿಂದಾಗುವ ನಷ್ಟ ಸ್ಪಷ್ಟವಾಗುತ್ತದೆ.

ಕ್ರಿ.ಪೂ. 20ರ ಸುಮಾರಿನಿಂದ ಕ್ರಿ.ಶ. 50ರ ಸುಮಾರಿನವರೆಗೆ ಬಾಳಿದ ಫಿಲೋ, ಯೇಸುಸ್ವಾಮಿಯ ಹಾಗೂ ಸಂತ ಪೌಲರ ಸಮಕಾಲೀನರು. ಆದರೆ ಅವರ ಬರಹಗಳಲ್ಲಿ ಇವರಿಬ್ಬರ ಉಲ್ಲೇಖವಿಲ್ಲ. ಮೋಶೆಯ ಧರ್ಮಶಾಸ್ತ್ರವನ್ನು ಗ್ರೀಕ್ ತತ್ವಶಾಸ್ತ್ರದ ನೆರವಿನಿಂದ ಸಾಂಕೇತಿಕವಾಗಿ ವ್ಯಾಖ್ಯಾನಿಸಿದ ಈ ಯೆಹೂದ್ಯ ಚಿಂತಕರನ್ನು ರಬ್ಬಿಗಳ ಪರಂಪರೆ ಬಹುಮಟ್ಟಿಗೆ ಮರೆಯಿತು. 16ನೇ ಶತಮಾನದಲ್ಲಿ ಇಟಲಿಯ ಅಜರಿಯ ದೆ ರೊಸ್ಸಿ ಅವರು ಯೆಹೂದ್ಯ ಓದುಗರಿಗೆ ಫಿಲೋ ಅವರನ್ನು ಮತ್ತೆ ಪರಿಚಯಿಸಬೇಕಾಯಿತು.

ನಡುವಿನ ಶತಮಾನಗಳಲ್ಲಿ ಅವರ ಕೃತಿಗಳನ್ನು ಕಾಪಾಡಿದವರು ಕ್ರೈಸ್ತರು. ಅಲೆಕ್ಸಾಂಡ್ರಿಯದ ಕ್ಲೆಮೆಂಟರು ಅವುಗಳಿಂದ ಧಾರಾಳವಾಗಿ ಎರವಲು ಪಡೆದರು. 3ನೇ ಶತಮಾನದಲ್ಲಿ ಓರಿಜನರು ಪ್ಯಾಲೆಸ್ತೀನಿನ ಕೈಸರೇಯಕ್ಕೆ ನೆಲೆ ಬದಲಿಸಿದಾಗ ಅವುಗಳನ್ನು ಜೊತೆಗೆ ಒಯ್ದರೆಂದು ವಿದ್ವಾಂಸರು ಭಾವಿಸುತ್ತಾರೆ. ಮುಂದಿನ ಶತಮಾನದಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಯೂಜೋಯುಸರು ಜೀರ್ಣವಾಗುತ್ತಿದ್ದ ಆ ಗ್ರಂಥಭಂಡಾರವನ್ನು ಚರ್ಮದ ಹಾಳೆಗಳಿಗೆ ಪ್ರತಿ ಮಾಡಿಸಿದರು.

ಆದರೆ ಕಾಪಾಡಿದವರು ಗ್ರಂಥಕರ್ತರನ್ನು ತಮ್ಮವರನ್ನಾಗಿ ಮಾಡಿಕೊಳ್ಳಲೂ ಯತ್ನಿಸಿದರು. ಈಜಿಪ್ಟಿನ ಮರೆಯೋತಿಸ್ ಸರೋವರದ ಬಳಿ ಉಪವಾಸ, ಧ್ಯಾನ, ಗ್ರಂಥಪಠಣಗಳಲ್ಲಿ ನಿರತವಾಗಿದ್ದ ಥೆರಾಪ್ಯೂತರೆಂಬ ಯೆಹೂದ್ಯ ಸಮುದಾಯವನ್ನು ಫಿಲೋ ವರ್ಣಿಸಿದ್ದಾರೆ. ಇತಿಹಾಸಕಾರ ಯೂಸೇಬಿಯುಸರು ಇವರನ್ನು ಆದಿಕ್ರೈಸ್ತರೆಂದು ಬಗೆದರು. ಫಿಲೋ ರೋಮಿನಲ್ಲಿ ಸಂತ ಪೇತ್ರರನ್ನು ಭೇಟಿಯಾದರೆಂಬ ವದಂತಿಯನ್ನೂ ದಾಖಲಿಸಿದರು. ಸಂತ ಜೆರೋಮರು ಧರ್ಮಸಭೆಯ ಲೇಖಕರ ಪಟ್ಟಿಯಲ್ಲಿಯೇ ಫಿಲೋ ಅವರಿಗೆ ಸ್ಥಾನವಿತ್ತರು.

ಈ ಆದರದ ಫಲ ವಿಚಿತ್ರ. ಥೆರಾಪ್ಯೂತರ ಜೀವನ ಕ್ರೈಸ್ತ ಸನ್ಯಾಸವನ್ನು ಅಷ್ಟೊಂದು ಹೋಲುವುದಾದರೆ ಆ ಕೃತಿ ಕ್ರೈಸ್ತರದೇ ಕೂಟಸೃಷ್ಟಿಯಾಗಿರಬೇಕೆಂದು 19ನೇ ಶತಮಾನದ ಕೆಲವು ವಿದ್ವಾಂಸರು ವಾದಿಸಿದರು. 1895ರಲ್ಲಿ ಕೊನಿಬಿಯರ್ ಅವರು ಅದರ ಪಠ್ಯವನ್ನು ಸಂಪಾದಿಸಿ, ಅದು ಫಿಲೋ ಅವರದೇ ಎಂದು ಸಮರ್ಥಿಸಬೇಕಾಯಿತು. ತಮ್ಮದೆಂದು ಅಪ್ಪಿಕೊಂಡವರ ಓದು, ಕಾಲಾಂತರದಲ್ಲಿ ಕೃತಿಯನ್ನು ಅದರ ಕರ್ತೃವಿನಿಂದಲೇ ಬೇರ್ಪಡಿಸಲು ದಾರಿಯಾಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಬಗೆಯೂ ಉಂಟು. ಮಿಲಾನಿನ ಸಂತ ಅಂಬ್ರೋಸರು ಆದಿಕಾಂಡದ ವ್ಯಾಖ್ಯಾನಗಳಲ್ಲಿ ಫಿಲೋ ಅವರಿಂದ ಪುಟಗಟ್ಟಲೆ ಪಡೆದರೂ ಅವರ ಹೆಸರನ್ನೆತ್ತಿದ್ದು ಒಮ್ಮೆ ಮಾತ್ರ. ಅದೂ ಯೆಹೂದ್ಯರಾದ್ದರಿಂದ ಆಧ್ಯಾತ್ಮಿಕ ಅರ್ಥವನ್ನು ಗ್ರಹಿಸಲಿಲ್ಲವೆಂದು ಆಕ್ಷೇಪಿಸಲು. ಒಬ್ಬರು ಫಿಲೋ ಅವರನ್ನು ಕ್ರೈಸ್ತರ ಸಾಲಿಗೆ ಸೇರಿಸಿದರು, ಇನ್ನೊಬ್ಬರು ಋಣವನ್ನು ಮರೆಮಾಡಿದರು. ಎರಡರಲ್ಲೂ ಯೆಹೂದ್ಯ ಫಿಲೋ ಕಣ್ಮರೆಯಾದರು.

ಪಿತೃಗಳ ಮೇಲಿನ ಗೌರವ ಈ ಸತ್ಯವನ್ನು ಕಾಣಲು ಅಡ್ಡಿಯಾಗಬಾರದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಕ್ರೈಸ್ತರಿಗೂ ಯೆಹೂದ್ಯರಿಗೂ ಸಮಾನವಾದ ಆಧ್ಯಾತ್ಮಿಕ ಪರಂಪರೆಯನ್ನು ಸ್ಮರಿಸಿ, ಬೈಬಲ್ ಹಾಗೂ ದೈವಶಾಸ್ತ್ರದ ಅಧ್ಯಯನದಿಂದ ಪರಸ್ಪರ ಅರಿವು ಬೆಳೆಯಬೇಕೆಂದು ಬೋಧಿಸಿತು. ಗುರುಮಠದಲ್ಲಿ ಅದಕ್ಕೆ ಸರಳ ಆರಂಭವೊಂದು ಸಾಧ್ಯ. ಕಾಯಿನ ಮತ್ತು ಹೇಬೆಲರನ್ನು ಕುರಿತ ಅಂಬ್ರೋಸರ ಕೃತಿಯನ್ನು ಬೋಧಿಸುವಾಗ, ಅದೇ ಸಹೋದರರ ಬಲಿಯನ್ನು ಕುರಿತ ಫಿಲೋ ಅವರ ಕೃತಿಯನ್ನು ಪಕ್ಕದಲ್ಲಿರಿಸೋಣ. ಪಿತೃಗಳು ಏನನ್ನು ಸ್ವೀಕರಿಸಿದರು, ಏನನ್ನು ಕೈಬಿಟ್ಟರು, ಕ್ರಿಸ್ತರ ಬೆಳಕಿನಲ್ಲಿ ಹೊಸದಾಗಿ ಏನನ್ನು ಸೇರಿಸಿದರು ಎಂಬುದನ್ನು ಗುರುಅಭ್ಯರ್ಥಿಗಳು ತಾವೇ ಗುರುತಿಸಲಿ. ಅವರ ಸ್ವಂತ ಚಿಂತನೆಯ ಹಿರಿಮೆ ನಮಗೆ ನಿಜವಾಗಿ ತಿಳಿಯುವುದು ಆಗಲೇ.